ಮೊರದಲ್ಲಿ ಮಲಗಿದ ವೀರ

ಬಿಯೋಷಿಯ ಸೀಮೆಯ ಹೈಪ್ಸಾ ಎಂಬ ಊರಿನಲ್ಲಿ ಮೊರ ಹೆಣೆಯುವ ಲಂಪಿಸ್ ನಲವತ್ತೊಂದು ವರ್ಷ ಯಾರ ಗಮನಕ್ಕೂ ಬಾರದೆ ಬದುಕಿದ್ದ. ಗಮನ ಸೆಳೆಯಲು ಅವನ ಪ್ರಯತ್ನ ಸಾಲದೆಂದು ಯಾರೂ ಹೇಳುವಂತಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವುದಕ್ಕೆ ಮೊದಲೇ ಅವನು ಬಾಯಿ ಬಿಡುತ್ತಿದ್ದ. ಸಂಜೆ ಕಣ್ಣು ಮುಚ್ಚಿದ ಮೇಲೂ ಅದು ಸ್ವಲ್ಪ ಹೊತ್ತು ತೆರೆದೇ ಇರುತ್ತಿತ್ತು. ಊರಿನವರು ಅವನ ಮೊರಗಳನ್ನು ಇಷ್ಟಪಟ್ಟು ಕೊಳ್ಳುತ್ತಿದ್ದರು. ಅವು ಮಾತಾಡುತ್ತಿರಲಿಲ್ಲ.

ಆ ವರ್ಷ ಒಬ್ಬ ಹಾಡುಗಾರ ಹೈಪ್ಸಾಕ್ಕೆ ಬಂದು ಐದು ದಿನ ಉಳಿದ. ಅವನ ಕತ್ತೆಯ ಕಾಲು ಉಳುಕಿತ್ತು. ಇಲ್ಲದಿದ್ದರೆ ಯಾವ ಹಾಡುಗಾರನೂ ಹೈಪ್ಸಾದಲ್ಲಿ ಐದು ದಿನ ಉಳಿಯುವುದಿಲ್ಲ. ಕಮ್ಮಾರಸಾಲೆಯ ಜಗಲಿಯಲ್ಲಿ ಕುಳಿತು ನಾಲ್ಕು ದಿನ ವೀರರ ಕಥೆಗಳನ್ನು ಹಾಡಿದ. ಐದನೆಯ ದಿನ ಯಾರೋ ನೀರು ಬೆರೆಸದ ದ್ರಾಕ್ಷಾರಸ ಕೊಟ್ಟದ್ದರಿಂದ ಸತ್ಯ ಹೇಳಿದ.

"ನಮ್ಮ ಕಸುಬಿನ ಗುಟ್ಟು ಹೇಳ್ತೀನಿ ಕೇಳ್ರಪ್ಪ. ಎಲ್ಲಾ ವೀರರದ್ದೂ ಒಂದೇ ಅಚ್ಚು. ವೀರ ಅನ್ನೋನು ಸರಿಯಾಗಿ ಹುಟ್ಟಲ್ಲ, ಏನಾದ್ರೂ ಎಡವಟ್ಟು ಇದ್ದೇ ಇರುತ್ತೆ. ಹುಟ್ಟಿದ ಕೂಸನ್ನ ಹೆತ್ತೋರು ಎಲ್ಲೋ ಬಿಟ್ಟುಬಿಡ್ತಾರೆ. ಹೇಗೋ ದೊಡ್ಡವನಾಗ್ತಾನೆ. ಯಾವಳೋ ಮುದುಕಿ ಏನೋ ಕೊಡ್ತಾಳೆ. ಪಾತಾಳಕ್ಕೆ ಇಳೀತಾನೆ, ಅಲ್ಲಿಂದ ಏನೋ ತಗೊಂಡು ಮೇಲೆ ಬರ್ತಾನೆ, ಎಲ್ಲರೂ ಅಳ್ತಾರೆ. ಅಷ್ಟೇ! ಹೆಸರು ಬದಲಾಯಿಸ್ತಾ ಹೋದ್ರೆ ಜೀವನಪೂರ್ತಿ ಹೊಟ್ಟೆ ಹೊರೀಬಹುದು."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಲಂಪಿಸ್ ನಗಲಿಲ್ಲ. ಅವನು ಬೆರಳು ಮಡಿಸುತ್ತಿದ್ದ. ಅವನು ಹುಟ್ಟಿದ್ದು ಕಾಲು ಮೊದಲಾಗಿ. ಒಂದು ಬೆರಳು. ಅವನ ತಾಯಿ ಆಲಿವ್ ಆರಿಸಲು ಹೋದಾಗ ಅವನನ್ನು ಮೊರದಲ್ಲಿ ಮಲಗಿಸಿ ಮರದ ಬುಡದಲ್ಲೇ ಮರೆತು ಮನೆಗೆ ಬಂದಿದ್ದಳು. ಎರಡು ಬೆರಳು. ಸಂಜೆ ಓಡಿಹೋಗಿ ತಂದದ್ದು ನಿಜವಾದರೂ ಆಗ ಅವಳಿಗೆ ನೆನಪಾಗಿದ್ದು ಮೊರ ಎಂದು ಊರಿನಲ್ಲಿ ಹೇಳುತ್ತಿದ್ದರು.

ಅವನು ಮನೆಗೆ ಬಂದಾಗ ಹೆಂಡತಿ ಮಿರ್ತಲೆ ಜವೆಗೋಧಿ ಬೀಸುತ್ತಿದ್ದಳು.

"ಮಿರ್ತಲೆ, ನಾನು ಅರ್ಧ ಆಗಿಬಿಟ್ಟಿದೀನಿ ಕಣೇ."

"ಏನು ಅರ್ಧ?"

"ವೀರ."

ಮಿರ್ತಲೆ ಬೀಸುವುದನ್ನು ನಿಲ್ಲಿಸಲಿಲ್ಲ. "ಬಾಗಿಲ ಹತ್ರ ಮೂರು ಮೊರಾನೂ ಅರ್ಧ ಆಗಿ ಕೂತಿವೆ. ಮೊದಲು ಅವನ್ನ ಮುಗಿಸಿ."

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಅತ್ತೆ ನಿಕರೇತೆ ತಲೆ ಎತ್ತಿದಳು. ಗಂಡ ಮಿಕ್ಕಿಯಾಸ್ ತೀರಿಕೊಂಡ ಮೇಲೆ ಅವಳು ಮಗಳ ಮನೆಯಲ್ಲೇ ಇದ್ದಳು. ಮಿಕ್ಕಿಯಾಸ್ ಅರವತ್ತು ವರ್ಷ ಬದುಕಿ ಊರಬಾಗಿಲು ದಾಟದೆ ಸತ್ತ ಮನುಷ್ಯ. ಲಂಪಿಸ್ ಊಟಕ್ಕೆ ಕುಳಿತಾಗಲೆಲ್ಲ ಇದನ್ನು ನೆನಪಿಸುತ್ತಿದ್ದ. "ನಿಮ್ಮ ಯಜಮಾನರ ಥರ ಬದುಕೋದಾದ್ರೆ ಆಲಿವ್ ಮರವಾಗಿ ಹುಟ್ಟಬಹುದಿತ್ತು ಅತ್ತೆ" ಎನ್ನುತ್ತಿದ್ದ. ನಿಕರೇತೆ ಹದಿನಾಲ್ಕು ವರ್ಷದಿಂದ ಇದಕ್ಕೆ ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಡಲು ಅವನು ಜಾಗ ಬಿಟ್ಟಿರಲಿಲ್ಲ.

"ಅಳಿಯಂದಿರು ಎಲ್ಲಿಗೋ ಹೊರಟ ಹಾಗಿದೆ?"

"ಪಾತಾಳಕ್ಕೆ, ಅತ್ತೆ."

"ಒಳ್ಳೇದಾಯ್ತು. ದಾರಿಗೆ ರೊಟ್ಟಿ ಕಟ್ಟಿಕೊಡಲಾ?"

ಲಂಪಿಸ್ ಎದ್ದು ನಿಂತ. "ಕೊಟ್ಟಳು! ಮುದುಕಿ ಕೊಟ್ಟಳು! ನೋಡಿದ್ಯಾ ಮಿರ್ತಲೆ?" ಎಂದು ಮೂರನೆಯ ಬೆರಳನ್ನೂ ಮಡಿಸಿದ.

ಪಾತಾಳ ದೂರವಿರಲಿಲ್ಲ. ಆ ಸೀಮೆಯ ಪ್ರತಿಯೊಂದು ಊರಿಗೂ ತನ್ನದೇ ಆದ ಪಾತಾಳದ ಬಾಯಿ ಇರುತ್ತದೆ. ಅದಿಲ್ಲದ ಊರಿಗೆ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಾರೆ. ಹೈಪ್ಸಾದ ಬಾಯಿ ಊರ ಹಿಂದಿನ ಗುಡ್ಡದಲ್ಲಿತ್ತು. ಪಕ್ಕದ ಮನೆಯ ಕುಂಬಾರ ಕೊಥೋನನ ಆಡು ಹಿಂದಿನ ವರ್ಷ ಅದರೊಳಗೆ ಬಿದ್ದದ್ದು ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆದಿರಲಿಲ್ಲ.

ಹೊರಡುವ ದಿನ ಊರು ಪೂರ್ತಿ ಗುಡ್ಡ ಹತ್ತಿತು. ಸಿಂಹದ ಚರ್ಮ ಸಿಗದ ಕಾರಣ ಲಂಪಿಸ್ ಒಂದು ಹಳೆಯ ಆಡಿನ ಚರ್ಮ ಹೊದ್ದಿದ್ದ. ಕೈಯಲ್ಲಿ ಜೊಂಡು ಕೊಯ್ಯುವ ಕುಡುಗೋಲು. ಕಂಕುಳಲ್ಲಿ ಅತ್ತೆಯ ರೊಟ್ಟಿ, ಪಾತಾಳದ ಮೂರು ತಲೆಯ ನಾಯಿಗೆ ಹಾಕಲು.

"ಎಲ್ಲಾ ಸರಿ ಮಾರಾಯ, ಅಲ್ಲಿಂದ ತರೋದೇನು?" ಎಂದ ಕೊಥೋನ್.

ಲಂಪಿಸ್ ಇದನ್ನು ಯೋಚಿಸಿರಲಿಲ್ಲ.

"ಏನೂ ಹೊಳೀದಿದ್ರೆ ನನ್ನ ಆಡನ್ನಾದ್ರೂ ತಗೊಂಡ್ ಬಾ. ಅಲ್ಲೇ ಎಲ್ಲಾದ್ರೂ ಮೇಯ್ತಾ ಇರುತ್ತೆ."

ಜನ ನಕ್ಕರು. ಲಂಪಿಸ್ ಗಂಭೀರವಾಗಿ ಒಪ್ಪಿಕೊಂಡು ಒಳಗೆ ತೆವಳಿದ. ಊರು ಕೊನೆಯದಾಗಿ ಕಂಡದ್ದು ಅವನ ಅಂಗಾಲುಗಳನ್ನು.

ಒಳಗೆ ಮೂವತ್ತು ಹೆಜ್ಜೆಯವರೆಗೆ ಪಾತಾಳ ಚೆನ್ನಾಗಿಯೇ ಇತ್ತು. ಲಂಪಿಸ್ ಕುಳಿತು ನಾಯಿಗಾಗಿ ಕಾದ. ನಾಯಿ ಬರದಿದ್ದರಿಂದ ರೊಟ್ಟಿಯನ್ನು ತಾನೇ ತಿಂದ. ಆಮೇಲೆ ಎದ್ದು ಕಾಲು ಜಾರಿ, ಒಂದು ಚಪ್ಪಲಿಯನ್ನೂ ಬಂಡೆಗೆ ಸಿಕ್ಕಿ ಹರಿದ ಚರ್ಮವನ್ನೂ ಅಲ್ಲೇ ಬಿಟ್ಟು, ಉರುಳುತ್ತಾ ಹೋಗಿ ಒಂದು ಬಿರುಕಿನಿಂದ ಹೊರಗೆ ಬಿದ್ದ. ಅದು ಗುಡ್ಡದ ಆಚೆ ಮಗ್ಗುಲು. ಎದುರಿಗೆ ಕೋರಿಸ್ ಹಳ್ಳಿ. ಹಳ್ಳಿಯ ತುದಿಯಲ್ಲಿ ಅವನ ಸೋದರತ್ತೆ ಕಿಟ್ಟೋಳ ಆಡಿನ ದೊಡ್ಡಿ.

"ಬಾರೋ ಲಂಪಿ. ಏನೋ ಇದು ಮೈಯೆಲ್ಲಾ ಮಣ್ಣು! ಎಲ್ಲಿಂದ ಬಂದೆ?"

"ಪಾತಾಳದಿಂದ, ಅತ್ತೆ."

"ಹಾಗಾದ್ರೆ ಹಸಿದಿರ್ತೀಯ. ಕೂತ್ಕೋ."

ಪಾತಾಳಕ್ಕೆ ಹೋದ ವೀರ ಅದೇ ದಿನ ಮಧ್ಯಾಹ್ನ ಮರಳಿದನೆಂದು ಯಾವ ಹಾಡಿನಲ್ಲೂ ಇಲ್ಲ. ಆದ್ದರಿಂದ ಲಂಪಿಸ್ ಆಡಿನ ಹಾಲಿನ ಗಿಣ್ಣು, ಅಂಜೂರ, ಜೇನು ತಿನ್ನುತ್ತಾ ಸೋದರತ್ತೆಯ ಮನೆಯಲ್ಲಿ ಹನ್ನೆರಡು ದಿನ ಪಾತಾಳವಾಸ ಮಾಡಿದ.

ಇತ್ತ ಹೈಪ್ಸಾದಲ್ಲಿ ಮೂರನೆಯ ದಿನ ಕೊಥೋನ್ ಗವಿಯೊಳಗೆ ತಲೆ ಹಾಕಿ ಕೂಗಿ ನೋಡಿದ. ಉತ್ತರ ಬರಲಿಲ್ಲ. ಲಂಪಿಸ್ ಇರುವ ಜಾಗದಿಂದ ಉತ್ತರ ಬರದಿರುವುದು ಊರಿನ ಇತಿಹಾಸದಲ್ಲೇ ಮೊದಲು. ಇನ್ನು ಅನುಮಾನ ಉಳಿಯಲಿಲ್ಲ. ಒಳಗೆ ತೆವಳಿ ಹುಡುಕಿದಾಗ ಸಿಕ್ಕ ಒಂಟಿ ಚಪ್ಪಲಿಯನ್ನೂ ಹರಿದ ಚರ್ಮವನ್ನೂ ಮಂಚದ ಮೇಲೆ ಮಲಗಿಸಿ, ಹೆಂಗಸರು ಎದೆ ಬಡಿದುಕೊಂಡು ಅತ್ತು, ಊರ ಹೊರಗೆ ಹೂತು, ಮೇಲೆ ಮಣ್ಣಿನ ದಿಬ್ಬ ಏರಿಸಿದರು. ನಲವತ್ತೊಂದು ವರ್ಷ ಯಾರಿಗೂ ಹೊಳೆಯದ ಅವನ ಒಳ್ಳೆಯ ಗುಣಗಳು ಒಂದೇ ಮಧ್ಯಾಹ್ನ ಎಲ್ಲರಿಗೂ ಹೊಳೆದವು.

ಆಡಿನ ಮಾತೆತ್ತಿದವನು ತಾನೆಂಬ ಅಳುಕಿನಿಂದ ಕೊಥೋನ್ ದಿಬ್ಬದ ಮೇಲೆ ಒಂದು ಬಟ್ಟಲು ದ್ರಾಕ್ಷಾರಸ ಸುರಿದ. ಆ ದಿನ ಅವನ ಆವಿಗೆಯಲ್ಲಿ ಒಂದು ಮಡಕೆಯೂ ಬಿರುಕು ಬಿಡಲಿಲ್ಲ. ಆ ವಾರ ಅವನು ಬೇರೆ ಹಳ್ಳದ ಜೇಡಿಮಣ್ಣು ತಂದಿದ್ದನೆಂಬುದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೂಜಾರಿ ಎವ್ದಾಮಸ್ ದಿಬ್ಬದ ಸುತ್ತ ಮೂರು ಸುತ್ತು ಬಂದು, ಇಲ್ಲಿ ಒಬ್ಬ ವೀರ ಮಲಗಿದ್ದಾನೆ ಎಂದು ಸಾರಿದ. ಆ ಸೀಮೆಯಲ್ಲಿ ವೀರ ಎಂದರೆ ಗೋರಿಯಿರುವವನು. ಹಾಡುಗಾರ ಈ ಒಂದು ಮಾತನ್ನು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ. ಅದು ಗೊತ್ತಿಲ್ಲದವನು ಆಗ ಸೋದರತ್ತೆಯ ಮನೆಯಲ್ಲಿ ಎರಡನೆಯ ಸಲ ಜೇನು ಬಡಿಸಿಕೊಳ್ಳುತ್ತಿದ್ದ.

ಹತ್ತೇ ದಿನದಲ್ಲಿ ಅಕ್ಕಪಕ್ಕದ ಊರಿನವರೂ ಕೈಮುಗಿಯಲು ಬರತೊಡಗಿದರು. ಕೊಥೋನ್ ಗೇಣುದ್ದದ ಮಣ್ಣಿನ ಲಂಪಿಸ್‌ಗಳನ್ನು ಮಾಡಿ ಮಾರಿದ. ಅಗಲ ಎದೆ, ನೆಟ್ಟಗಿನ ಮೂಗು, ಗುಂಗುರು ಕೂದಲು. ವೀರನ ವಿಧವೆಯೆಂದು ಮಿರ್ತಲೆಗೆ ಎಲ್ಲ ಉತ್ಸವಗಳಲ್ಲೂ ಮೊದಲ ಸಾಲಿನ ಪೀಠ, ಬಲಿಯ ಮಾಂಸದಲ್ಲಿ ತೊಡೆಯ ಪಾಲು ಎಂದು ತೀರ್ಮಾನವಾಯಿತು. ಜೊತೆಗೆ, ತಿಂಗಳು ಕಳೆದ ಮೇಲೆ ಅವಳನ್ನು ಕೊಥೋನನಿಗೆ ಕೊಡುವುದೆಂದೂ ಹಿರಿಯರು ಮಾತಾಡಿಕೊಂಡರು. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಆವಿಗೆಯೂ ಈಗ ಚೆನ್ನಾಗಿತ್ತು. ಮಿರ್ತಲೆಯನ್ನು ಯಾರೂ ಕೇಳಲಿಲ್ಲ.

ಹದಿಮೂರನೆಯ ದಿನ ಲಂಪಿಸ್ ಮರಳಿದ. ಕೊಥೋನನ ಆಡು ಸಿಗದಿದ್ದರಿಂದ ಕಿಟ್ಟೋ ಅತ್ತೆಯ ದೊಡ್ಡಿಯಿಂದ ಒಂದನ್ನು ಕೇಳಿ ಪಡೆದು, ಅದೇ ಬಿರುಕಿನಿಂದ ಅದನ್ನು ಮುಂದೆ ತಳ್ಳಿಕೊಂಡು ತೆವಳಿದ. ಮೇಲೆ ಎಲ್ಲರೂ ಅಳುತ್ತಾರೆ, ತಾನು ಕೈ ಎತ್ತಿ ಸಮಾಧಾನ ಮಾಡಬೇಕು ಎಂದು ದಾರಿಯುದ್ದಕ್ಕೂ ಕೈ ಎತ್ತಿ ಅಭ್ಯಾಸ ಮಾಡಿಕೊಂಡೇ ಬಂದ. ಗವಿಯ ಬಾಯಲ್ಲಿ ಹರಕೆ ಹೊತ್ತು ನಿಂತಿದ್ದ ಜನಕ್ಕೆ ಮೊದಲು ಕೊಂಬುಗಳು ಕಂಡವು, ಆಮೇಲೆ ಗಡ್ಡ, ಆಮೇಲೆ ಇನ್ನೊಂದು ಗಡ್ಡ.

ಚೀರಾಟ ನಿಂತ ಮೇಲೆ, ಓಡದೆ ಉಳಿದವರಲ್ಲಿ ಕೊಥೋನ್ ಮುಂದೆ ಬಂದು ಆಡನ್ನು ನೋಡಿದ.

"ನನ್ನ ಆಡು ಕಪ್ಪು. ಇದು ಬಿಳಿ."

"ಸತ್ತ ಮೇಲೆ ಬಣ್ಣ ಹೋಗುತ್ತೆ ಕೊಥೋನ್. ಅಲ್ಲಿ ಎಲ್ಲಾ ಬಿಳೀನೇ."

"ನಂದು ಹೆಣ್ಣು. ಇದು ಹೋತ."

ಲಂಪಿಸ್ ಆಡಿನ ಕಡೆ ಬಗ್ಗಿ ನೋಡಿದ. "ಪಾತಾಳ ಅಂದ್ರೆ ಏನು ಅಂದ್ಕೊಂಡಿದೀಯ ನೀನು?" ಎಂದ.

ಅಷ್ಟರಲ್ಲಿ ಪೂಜಾರಿ ಓಡಿಬಂದ. "ಅಲ್ಲೇ ನಿಲ್ಲು! ಯಾರನ್ನೂ ಮುಟ್ಟಬೇಡ! ನಿನಗಾಗಿ ಅತ್ತು, ಮಣ್ಣು ಹಾಕಿ, ಒಂಬತ್ತನೇ ದಿನದ ಎಡೆ ಇಟ್ಟಾಗಿದೆ. ಅತ್ತು ಮುಗಿಸಿದವನು ಸತ್ತವನು. ಊರೊಳಗೆ ಕಾಲಿಟ್ಟರೆ ಊರೇ ಮೈಲಿಗೆ."

"ನಾನೇ ಅಲ್ವಾ ಪೂಜಾರಪ್ಪ, ಲಂಪಿಸ್! ಬದುಕಿದೀನಿ!"

ಪಕ್ಕದೂರಿನ ಹೆಂಗಸೊಬ್ಬಳು ಕೈಯಲ್ಲಿದ್ದ ಮಣ್ಣಿನ ಗೊಂಬೆಯನ್ನು ಎತ್ತಿ ಹಿಡಿದು ಅವನನ್ನೂ ಅದನ್ನೂ ನೋಡಿದಳು. "ಇವನು ಲಂಪಿಸ್ ಅಲ್ಲ ಬಿಡ್ರಮ್ಮ. ಮೂಗು ನೋಡಿ" ಎಂದಳು. ಅಲ್ಲಿದ್ದವರು ನೋಡಿದರು. ಅವನ ಜೊತೆಯಲ್ಲೇ ಬೆಳೆದ ಕಮ್ಮಾರ ಕೂಡ ಸ್ವಲ್ಪ ಹೊತ್ತು ಯೋಚಿಸಿದ.

ಪೂಜಾರಿ ಲಂಪಿಸ್‌ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ನೋಡಪ್ಪ, ನೀನು ಸತ್ತ ಮೇಲೆ ಊರಿಗೆ ಒಳ್ಳೇದಾಗ್ತಿದೆ. ನೀನು ಹಾಗೇ ಹಿಂದಕ್ಕೆ ಹೋಗಿಬಿಟ್ಟರೆ ಎಲ್ಲರಿಗೂ ಅನುಕೂಲ. ವರ್ಷಕ್ಕೊಮ್ಮೆ ಬಲಿ ಕೊಡ್ತೀವಿ. ಬದುಕಿದ್ದಾಗ ನಿನಗೆ ಯಾರು ಏನು ಕೊಟ್ಟಿದ್ರು ಹೇಳು?"

"ನನ್ನ ಹೆಂಡತಿ?"

"ಅವಳಿಗೇನು ಕಷ್ಟ ಇಲ್ಲ. ಕೊಥೋನ್ ಇದಾನಲ್ಲ."

ಲಂಪಿಸ್ ಬಾಯಿ ತೆರೆದ. ಹಾಡುಗಾರನ ಅಚ್ಚಿನಲ್ಲಿ ಇದಕ್ಕೆ ಬೆರಳು ಇರಲಿಲ್ಲ. ಅವನು ಕುಡುಗೋಲನ್ನು ಕೆಳಗಿಟ್ಟು ನೆಲದ ಮೇಲೆ ಕುಳಿತು, "ನಾನು ಮನೆಗೆ ಹೋಗಬೇಕು ಪೂಜಾರಪ್ಪ" ಎಂದ.

ಪೂಜಾರಿ ನಿಟ್ಟುಸಿರು ಬಿಟ್ಟ. ದಾರಿಯೇನೋ ಇತ್ತು. ಹಳೆಯ ಕಟ್ಟಳೆ. ಸತ್ತನೆಂದು ಅತ್ತವನು ಬದುಕಿ ಬಂದರೆ ಮತ್ತೆ ಹುಟ್ಟಬೇಕು. ಹೆಂಗಸರು ಅವನನ್ನು ತೊಳೆದು, ಬಟ್ಟೆ ಸುತ್ತಿ, ಹಾಲು ಕುಡಿಸಿ, ಎಲ್ಲ ಕೂಸುಗಳಂತೆ ಮೊರದಲ್ಲಿ ಮಲಗಿಸಬೇಕು. ಐದನೆಯ ದಿನ ಮನೆಯವರು ಕೂಸನ್ನು ನೆಲದಿಂದ ಎತ್ತಿಸಿ, ಅದನ್ನು ಹೊತ್ತುಕೊಂಡು ಒಲೆಯ ಸುತ್ತ ಓಡಬೇಕು. ಹತ್ತನೆಯ ದಿನ ಹೆಸರಿಡಬೇಕು.

"ಎತ್ತದೇ ಹೋದ್ರೆ?"

"ಬೇಡದ ಕೂಸನ್ನ ಎಲ್ಲಿ ಬಿಡ್ತಾರೋ ಅಲ್ಲಿ. ಗುಡ್ಡದ ಮೇಲೆ. ಆಮೇಲೆ ನಿನಗೂ ಊರಿಗೂ ಸಂಬಂಧ ಇಲ್ಲ. ಎತ್ತೋದು ಬಿಡೋದು ಮಿರ್ತಲೆಗೆ ಬಿಟ್ಟದ್ದು, ಮನೆಯ ಗಂಡಸು ಸತ್ತಿದಾನಲ್ಲ." ಪೂಜಾರಿ ಬೆರಳು ಎತ್ತಿದ. "ಇನ್ನೊಂದು. ಕೂಸು ಮಾತಾಡಲ್ಲ. ಹೆಸರಿಡೋವರೆಗೆ ಒಂದು ಮಾತು ಆಡಿದ್ರೂ ಹುಟ್ಟೇ ಇಲ್ಲ ಅಂತ ಲೆಕ್ಕ."

"ಹಾಗಾದ್ರೆ ಗುಡ್ಡಾನೇ" ಎಂದು ಕೊಥೋನ್ ಮನೆಗೆ ಹೊರಟ.

ಅಷ್ಟು ದೊಡ್ಡ ಮೊರ ಊರಿನಲ್ಲಿ ಇರಲಿಲ್ಲ. ಹೆಣೆಯಬಲ್ಲವನು ಒಬ್ಬನೇ. ಊರಬಾಗಿಲ ಹೊರಗೆ ಕುಳಿತು ಮೂರು ದಿನ ಲಂಪಿಸ್ ತನ್ನ ತೊಟ್ಟಿಲನ್ನು ತಾನೇ ಹೆಣೆದ. ಹೋಗುವವರು ಬರುವವರು ನಿಂತು, "ತಲೆಯ ಕಡೆ ಇನ್ನೂ ಸ್ವಲ್ಪ ಅಗಲ ಬೇಕು" ಎಂದು ಸಲಹೆ ಕೊಟ್ಟರು.

ನಾಲ್ಕನೆಯ ದಿನ ಅವನು ಹುಟ್ಟಿದ. ಊರಿಗೆ ಕಾಲು ತಾಗದಂತೆ ಅವನನ್ನು ಮೊರದಲ್ಲೇ ಕೂರಿಸಿ ಮನೆಯ ಅಂಗಳಕ್ಕೆ ತಂದರು. ಸೂಲಗಿತ್ತಿಯಾಗಲು ನಿಕರೇತೆ ತಾನಾಗಿಯೇ ಮುಂದೆ ಬಂದಳು. ಅಂಗಳದಲ್ಲಿ ಕಾಲಗಲಿಸಿ ನಿಂತು, ತನ್ನ ದೊಡ್ಡ ಕಂಬಳಿಯನ್ನು ಹರವಿ ಹಿಡಿದಳು. ಲಂಪಿಸ್ ಅದರ ಹಿಂದಿನಿಂದ ಒಳಗೆ ತೆವಳಿ, ಅರ್ಧದಲ್ಲಿ ದಿಕ್ಕು ತಪ್ಪಿ, ಸುತ್ತು ತಿರುಗಿ ಹೊರಗೆ ಬಂದ.

"ಈ ಸಲಾನೂ ಕಾಲೇ ಮೊದಲು!" ಎಂದಳು ಅವನ ಮೊದಲ ಹುಟ್ಟನ್ನು ಕಂಡಿದ್ದ ಒಬ್ಬ ಮುದುಕಿ.

"ಅಳ್ತಾ ಇಲ್ವಲ್ಲ" ಎಂದು ನಿಕರೇತೆ ಅವನ ತೊಡೆಯನ್ನು ಹಿಡಿದು ತಿರುಚಿದಳು. ಕೂಸು ಅತ್ತಿತು. ತಣ್ಣೀರು ಹುಯ್ದರು, ಬೂದಿ ಹಾಕಿ ಉಜ್ಜಿದರು, ಕತ್ತಿನಿಂದ ಕಾಲಿನವರೆಗೆ ಬಟ್ಟೆ ಸುತ್ತಿ ಬಿಗಿದರು, ಮೂತಿಯಿರುವ ಪುಟ್ಟ ಕುಡಿಕೆಯಿಂದ ಹಾಲು ಕುಡಿಸಿದರು. ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮೊರದೊಳಗೆ ಬಗ್ಗಿ ನೋಡಿದರು.

"ಒಳ್ಳೆ ತೂಕ ಇದೆ."

"ಗಡ್ಡ ಸ್ವಲ್ಪ ಬೇಗ ಬಂತೇನೋ."

"ತಲೆ ಮೇಲೆ ಕೂದಲೇ ಇಲ್ಲ, ಪಾಪ. ಬರುತ್ತೆ ಬಿಡು."

ಮಿರ್ತಲೆ ಬಂದವರಿಗೆಲ್ಲ ಅಂಜೂರ ಹಂಚಿದಳು. ಮೊರದ ಹತ್ತಿರ ಬರಲಿಲ್ಲ. ಕೊಥೋನ್ ಒಲ್ಲೆನೆಂದದ್ದರಿಂದ ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಬಿಳಿ ಹೋತದ ಹತ್ತಿರ ಮಾತ್ರ ಒಂದು ಗಳಿಗೆ ನಿಂತು, ಅದರ ಎಡಗಿವಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಮರುದಿನ ಪೂಜಾರಿಯನ್ನು ಕರೆಸಿ, "ಈ ಹೋತ ನನ್ನ ಯಜಮಾನರಿಗೆ ಬಲಿ ಹೋಗ್ಲಿ. ಪಾತಾಳದಿಂದ ಬಂದದ್ದು ಅಲ್ಲಿಗೇ ಹೋಗ್ಬೇಕು" ಎಂದಳು. ಪೂಜಾರಿ ಅವಳ ಭಕ್ತಿಯನ್ನು ಮೂರು ಬೀದಿಗಳಲ್ಲಿ ಹೊಗಳಿದ. ದಿಬ್ಬದ ಮುಂದೆ ಸುಟ್ಟ ಮಾಂಸದ ವಾಸನೆ ಮನೆಯವರೆಗೂ ಬಂತು. ವೀರ ಲಂಪಿಸ್‌ಗೆ ಅರ್ಪಿಸಿದ್ದನ್ನು ಊರೆಲ್ಲ ತಿಂದಿತು. ಮೊರದಲ್ಲಿದ್ದವನಿಗೆ ಹಾಲು ಕೊಟ್ಟರು.

ಹುಟ್ಟಿದಂದಿನಿಂದ ನಾಲ್ಕು ದಿನ ನಿಕರೇತೆ ಮೊರದ ಪಕ್ಕದಲ್ಲೇ ಕುಳಿತು ನೂಲಿದಳು, ನೂಲುತ್ತಾ ಮಾತಾಡಿದಳು. ಹದಿನಾಲ್ಕು ವರ್ಷದ ಉತ್ತರಗಳು ಅವಳ ಹತ್ತಿರ ಇದ್ದವು. ಮೊದಲ ವರ್ಷದಿಂದ ಶುರುಮಾಡಿ ಒಂದನ್ನೂ ಬಿಡದೆ ಒಪ್ಪಿಸಿದಳು. "ಆಲಿವ್ ಮರ ಅಂದೆ ಅಲ್ವಾ ಕೂಸೇ ನನ್ನ ಯಜಮಾನರನ್ನ? ಹೌದಪ್ಪ. ಆಲಿವ್ ಮರ ಕಾಯಿ ಬಿಡುತ್ತೆ. ನೀನು ಏನು ಬಿಟ್ಟೆ? ಬರೀ ಬಾಯಿ ಬಿಟ್ಟೆ." ಲಂಪಿಸ್‌ನ ಹಣೆಯ ನರ ಉಬ್ಬಿತು. ತುಟಿ ತೆರೆಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಿರ್ತಲೆ ತಿರುಗಿ ನೋಡಿದಳು. ತುಟಿ ಮುಚ್ಚಿತು.

ಹುಟ್ಟಿದ ನಾಲ್ಕನೆಯ ದಿನ ಕೊಥೋನ್ ಒಂದು ಹೊಸ ಮಡಕೆ ಹಿಡಿದು ಬಂದ. ಹೊಸಲ ಮೇಲೆ ಕುಳಿತು ಮೊದಲು ಆವಿಗೆಯ ಬಗ್ಗೆ ಹೇಳಿದ. ಆಮೇಲೆ ಜೇಡಿಯ ಬಗ್ಗೆ, ತನ್ನ ತಾತನ ಜೇಡಿಯ ಬಗ್ಗೆ, ತಾತನ ಮಂಡಿನೋವಿನ ಬಗ್ಗೆ ಹೇಳಿದ. ಬಿಸಿಲು ಹೊಸಲಿನಿಂದ ಒಲೆಯವರೆಗೆ ಬಂದಾಗ ವಿಷಯಕ್ಕೆ ಬಂದ.

"ನಾಳೆ ಇವನನ್ನ ಎತ್ತಿಸಿದ್ರೆ ನಿನಗೇನು ಸಿಗುತ್ತೆ ಮಿರ್ತಲೆ? ಮೊದಲ ಸಾಲಿನ ಪೀಠ ಹೋಗುತ್ತೆ. ತೊಡೆ ಪಾಲು ಹೋಗುತ್ತೆ. ಮತ್ತೆ ಇವನ ಬಾಯಿ ಕೇಳ್ಕೊಂಡು ಇರ್ಬೇಕು. ನಾನು ಹಾಗಲ್ಲ. ನಾನು ಮಾತು ಕಮ್ಮಿ." ತಾನು ಎಷ್ಟು ಕಡಿಮೆ ಮಾತಾಡುವವನೆಂಬುದನ್ನು ಅವನು ಇನ್ನೂ ಅರ್ಧ ಜಾವ ವಿವರಿಸಿದ.

ಅವನು ಹೋದ ಮೇಲೆ ಮನೆ ಸುಮ್ಮನಾಯಿತು. ನಿಕರೇತೆಯ ಉತ್ತರಗಳೂ ಆ ಹೊತ್ತಿಗೆ ಮುಗಿದಿದ್ದವು. ಮಿರ್ತಲೆ ಬೀಸುಕಲ್ಲಿನ ಮುಂದೆ ಕೈಕಟ್ಟಿ ಕುಳಿತಳು. ಗೋಡೆಯ ಆಚೆ ಜೀರುಂಡೆ ಕೂಗುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಜೀರುಂಡೆಯ ಸದ್ದನ್ನು ಅವಳು ಒಳಗೆ ಕುಳಿತು ಕೇಳಿದ್ದು ಅದೇ ಮೊದಲು. ಅವಳು ಅದನ್ನು ತುಂಬಾ ಹೊತ್ತು ಕೇಳಿದಳು. ಲಂಪಿಸ್ ಮೊರದಿಂದ ಅವಳನ್ನು ನೋಡುತ್ತಿದ್ದ. ಅವಳ ಮುಖದಲ್ಲಿ ಏನಿದೆಯೆಂದು ತಿಳಿಯಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಅದನ್ನು ನೋಡಿ ಕಲಿತಿರಲಿಲ್ಲ.

ಐದನೆಯ ದಿನ ಊರು ಅಂಗಳದಲ್ಲಿ ತುಂಬಿತು. ಮೊರವನ್ನು ಒಲೆಯ ಮುಂದೆ ನೆಲದ ಮೇಲಿಟ್ಟರು. ಗುಡ್ಡಕ್ಕೆ ಹೊರಲು ಬೇಕಾದೀತೆಂದು ಕೊಥೋನ್ ಎರಡು ಗಳ ತಂದು ಬಾಗಿಲಿಗೆ ಒರಗಿಸಿದ್ದ.

"ಈ ಕೂಸು ಈ ಮನೆಗೆ ಬೇಕೋ ಬೇಡವೋ?" ಎಂದು ಪೂಜಾರಿ ಕೇಳಿದ.

ಮಿರ್ತಲೆ ಬಂದು ಮೊರದ ಪಕ್ಕ ಮಂಡಿಯೂರಿ, ಕೂಸಿನ ಬಟ್ಟೆ ಸರಿಮಾಡುವವಳಂತೆ ಬಗ್ಗಿ, ಅವನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು. "ಕಿಟ್ಟೋ ಅತ್ತೆ ಚೆನ್ನಾಗಿದಾರಾ?"

ಕೂಸು ಕಣ್ಣು ಮುಚ್ಚಿತು.

"ಎಡಗಿವಿಗೆ ಎರಡು ಕಚ್ಚು. ಅವರ ದೊಡ್ಡಿ ಗುರುತು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಹೋತಾನ ಊರು ತಿಂತು. ಆ ಕಿವಿ ನನ್ನ ಉಪ್ಪಿನ ಜಾಡೀಲಿದೆ." ಇಷ್ಟು ದಿನ ಗಂಡನನ್ನು ನೀವು ಎನ್ನುತ್ತಿದ್ದವಳು ಈಗ ಕೂಸಿಗೆ ಹೇಳುವ ಹಾಗೆ ಹೇಳಿದಳು. "ಅದು ಹೊರಗೆ ಬಂದ್ರೆ ದಿಬ್ಬಾನೂ ಇಲ್ಲ, ಪೀಠಾನೂ ಇಲ್ಲ, ನಿನ್ನನ್ನ ಮಕ್ಕಳು ಕಲ್ಲು ಹೊಡೆದು ಓಡಿಸ್ತಾವೆ. ಅದು ಜಾಡೀಲೇ ಇರ್ಬೇಕು ಅಂದ್ರೆ ಮನೆ ಹೀಗೇ ಇರ್ಬೇಕು. ಈ ಐದು ದಿನ ಇದ್ದ ಹಾಗೆ. ತಿಳೀತಾ?"

ಲಂಪಿಸ್ ಬಾಯಿ ತೆರೆದ. ಹೂಂ ಎನ್ನಲು ಹೋಗಿ, ನೆನಪಾಗಿ, ಮುಚ್ಚಿದ. ಆಮೇಲೆ ಸುತ್ತಿದ ಬಟ್ಟೆಯೊಳಗೆ ಅಲುಗಾಡಿಸಲು ಸಾಧ್ಯವಿದ್ದ ಒಂದೇ ಅಂಗವಾದ ತಲೆಯನ್ನು ಆಡಿಸಿದ.

ಮಿರ್ತಲೆ ಎದ್ದು ಸೆರಗು ಕೊಡವಿ, "ಎತ್ತಿ" ಎಂದಳು.

ಕಮ್ಮಾರನೂ ಇನ್ನೂ ನಾಲ್ವರೂ ಸೇರಿ ಕೂಸನ್ನು ಎತ್ತಿಕೊಂಡು ಒಲೆಯ ಸುತ್ತ ಓಡಿದರು. ಕೂಸಿನ ತಲೆ ಎರಡು ಸಲ ಕಂಬಕ್ಕೂ ಒಂದು ಸಲ ಕೊಥೋನನ ಹೊಸ ಮಡಕೆಗೂ ಬಡಿಯಿತು. ಮಡಕೆ ಬಿರುಕು ಬಿಟ್ಟಿತು. ಕೊಥೋನ್ ತನ್ನ ಗಳಗಳನ್ನು ತೆಗೆದುಕೊಂಡು ಯಾರಿಗೂ ಹೇಳದೆ ಹೊರಟುಹೋದ.

ಇನ್ನು ಉಳಿದದ್ದು ಹತ್ತನೆಯ ದಿನದ ಹೆಸರು. ಲಂಪಿಸ್ ಎಂಬ ಹೆಸರನ್ನು ಮತ್ತೆ ಇಡುವಂತಿರಲಿಲ್ಲ. ಅದು ದಿಬ್ಬದ ಕಲ್ಲಿನ ಮೇಲೆ ಕೆತ್ತಿಯಾಗಿತ್ತು, ಕೊಥೋನನ ಗೊಂಬೆಗಳು ಇನ್ನೂ ಇನ್ನೂರು ಉಳಿದಿದ್ದವು. ವೀರ ಬೇರೆ, ಈ ಕೂಸು ಬೇರೆ ಎಂದು ಪೂಜಾರಿ ತೀರ್ಪು ಕೊಟ್ಟ. ಆದ್ದರಿಂದ ಪೀಠವೂ ತೊಡೆಯ ಪಾಲೂ ಮಿರ್ತಲೆಗೇ ಉಳಿದವು. ಹತ್ತು ದಿನದ ಕೂಸು ಗಂಡನಾಗುವುದು ಹೇಗೆ ಎಂದು ಯಾರೋ ಕೇಳಿದರು. ಇನ್ನೊಮ್ಮೆ ಮದುವೆ ಮಾಡಿದರಾಯಿತು ಎಂದ ಪೂಜಾರಿ. ಅಷ್ಟೆಲ್ಲ ನಂಬಿದ್ದ ಊರಿಗೆ ಇದನ್ನೂ ನಂಬುವುದು ಕಷ್ಟವಾಗಲಿಲ್ಲ.

"ಕೂಸಿಗೆ ತಾತನ ಹೆಸರು ಇಡೋದು ಪದ್ಧತಿ" ಎಂದಳು ನಿಕರೇತೆ. "ನನ್ನ ಯಜಮಾನರ ಹೆಸರು ಇಡೋಣ. ಮಿಕ್ಕಿಯಾಸ್."

ಹತ್ತು ದಿನ ಮುಗಿದಿತ್ತು, ಹೆಸರೂ ಇಟ್ಟಾಯಿತು. ಈಗ ಮಾತಾಡಲು ಅಡ್ಡಿಯಿರಲಿಲ್ಲ. ಅವನು ಉಸಿರೆಳೆದುಕೊಂಡು ಎದ್ದು ನಿಂತ. ಮಿರ್ತಲೆ ಕಪಾಟಿನ ಮೇಲಿದ್ದ ಉಪ್ಪಿನ ಜಾಡಿಯನ್ನು ಒಂದು ಬೆರಳಿನಷ್ಟು ಸರಿಸಿಟ್ಟಳು. ಅವನು ಕುಳಿತುಕೊಂಡ.

ಮುಂದಿನ ವಸಂತದಲ್ಲಿ ವೀರ ಲಂಪಿಸ್‌ನ ಮೊದಲ ವರ್ಷದ ಬಲಿ ನಡೆಯಿತು. ದೂರದ ಥೀಬ್ಸ್‌ನಿಂದಲೂ ಜನ ಬಂದಿದ್ದರು. ಮಿರ್ತಲೆ ಮೊದಲ ಸಾಲಿನ ಪೀಠದಲ್ಲಿ ಕುಳಿತಿದ್ದಳು. ಕತ್ತೆಯ ಕಾಲು ವಾಸಿಯಾಗಿದ್ದ ಹಾಡುಗಾರ ಲಂಪಿಸ್‌ನ ಕಥೆಯನ್ನು ಹಾಡಿದ. ಕಾಲು ಮೊದಲಾಗಿ ಹುಟ್ಟಿದ್ದು, ಮರದ ಕೆಳಗೆ ಬಿಟ್ಟದ್ದು, ಮುದುಕಿ ಕೊಟ್ಟ ರೊಟ್ಟಿ, ಪಾತಾಳ. ಎಲ್ಲವೂ ಅಚ್ಚಿಗೆ ಸರಿಯಾಗಿ ಕೂತಿತ್ತು. ಎಲ್ಲರೂ ಅತ್ತರು.

ಎಡೆಯ ರೊಟ್ಟಿಗಳನ್ನು ಮೊರದಲ್ಲಿ ಹೊತ್ತು ತಂದವನು ಮಿಕ್ಕಿಯಾಸ್. ಅವನು ಕಣ್ಣೀರು ಒರೆಸಿಕೊಳ್ಳುತ್ತಾ ಹಿಂದಿನ ಸಾಲಿನಲ್ಲಿ ನಿಂತಿದ್ದಾಗ, ಮಣ್ಣಿನ ಗೊಂಬೆ ಹಿಡಿದ ಥೀಬ್ಸ್‌ನ ಮುದುಕನೊಬ್ಬ ಅವನ ಭುಜ ತಟ್ಟಿದ.

"ಏನಪ್ಪ, ನೀನು ಈ ಊರಿನವನಾ? ನಿನ್ನ ವಯಸ್ಸು ನೋಡಿದ್ರೆ ವೀರನನ್ನ ಕಣ್ಣಾರೆ ಕಂಡಿರ್ಬೇಕು. ಹೇಗಿದ್ದ ಆ ಮಹಾನುಭಾವ? ಹೇಳು ಸ್ವಲ್ಪ."

ಹೇಳಲು ಎಷ್ಟು ಇತ್ತು! ಅದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಮೊದಲ ಸಾಲಿನಲ್ಲಿ ಮಿರ್ತಲೆಯ ತಲೆ ಸ್ವಲ್ಪವೇ ಈ ಕಡೆಗೆ ತಿರುಗಿತು.

"ನನಗೇನು ಗೊತ್ತು ಯಜಮಾನರೇ?" ಎಂದ ಮಿಕ್ಕಿಯಾಸ್. "ನಾನು ಆಗಿನ್ನೂ ಹುಟ್ಟಿರಲಿಲ್ಲ."